ಕರುಳು–ಮೂತ್ರಕೋಶದ ನಡುವಿನ ಫಿಸ್ಟುಲಾ: ಚಿಕಿತ್ಸೆಯ ಆಯ್ಕೆಗಳು ಮತ್ತು ಗಡಿನಾಡಿನ ಕನ್ನಡ ರೋಗಿ

(ಗಡಿನಾಡ ಕನ್ನಡಿಗರ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಪೀಠಿಕೆ

ಗಡಿನಾಡಿನ ಕನ್ನಡ ಅಂದ ಕೂಡಲೇ ನಾವು ಶಾಲೆ, ಆಡಳಿತ ಭಾಷೆ, ಯಕ್ಷಗಾನ, ಶಾಸನ ಇವುಗಳ ಕಡೆ ಹೋಗುತ್ತೇವೆ. ನಾನು ಇವತ್ತು ಆಸ್ಪತ್ರೆಯ ವಿಷಯ ತೆಗೆದುಕೊಂಡಿದ್ದೇನೆ. ಅದರಲ್ಲೂ ಒಂದೇ ಒಂದು ಕಾಯಿಲೆ: ಕರುಳಿಗೂ ಮೂತ್ರಕೋಶಕ್ಕೂ ನಡುವೆ ಇರಬಾರದ ಒಂದು ದಾರಿ ಬೀಳುವುದು. ಇಲ್ಲಿ ಭಾಷಾ ವಿಭಾಗದ ವಿದ್ಯಾರ್ಥಿಗಳೂ ಇದ್ದೀರಿ, ನರ್ಸಿಂಗ್ ಮತ್ತು ವೈದ್ಯಕೀಯ ಓದುವವರೂ ಇದ್ದೀರಿ. ಇಬ್ಬರಿಗೂ ತಿಳಿಯುವ ಹಾಗೆ ಹೇಳುವ ಪ್ರಯತ್ನ ಮಾಡುತ್ತೇನೆ.

ಇದೇ ಕಾಯಿಲೆ ಯಾಕೆ ಅಂತ ಕೇಳಬಹುದು. ಇದು ದಿನಾ ಕಾಣುವ ಕಾಯಿಲೆಯಲ್ಲ. ಆದರೆ ಎರಡು ಕಾರಣಕ್ಕೆ ನಮ್ಮ ಗೋಷ್ಠಿಗೆ ಹೊಂದುತ್ತದೆ. ಒಂದು, ಇದರ ಮೊದಲ ಸುಳಿವು ಯಂತ್ರದಿಂದ ಬರುವುದು ಕಡಿಮೆ, ರೋಗಿಯ ಬಾಯಿಂದ ಬರಬೇಕು. ಎರಡು, ಇದರ ಚಿಕಿತ್ಸೆ ಹಲವು ಸಲ ಒಂದೇ ದಿನದ ಆಪರೇಷನ್‌ನಲ್ಲಿ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ಹಂತ ಹಂತವಾಗಿ ನಡೆಯುತ್ತದೆ. ಮಾತು ತಪ್ಪುವುದು, ಹಂತ ತಪ್ಪುವುದು, ಈ ಎರಡೂ ಗಡಿಯಲ್ಲಿ ಇರುವವರಿಗೆ ಸುಲಭವಾಗಿ ಆಗುವ ಸಂಗತಿಗಳು. ಚಿಕಿತ್ಸೆಯ ಆಯ್ಕೆಗಳನ್ನು ವಿವರಿಸುವಾಗ ಈ ಎರಡನ್ನೂ ಜೊತೆಗಿಟ್ಟುಕೊಂಡು ನೋಡಬೇಕು ಎನ್ನುವುದು ನನ್ನ ವಾದ.

1. ಹೆಸರಿನ ಗೊಂದಲ

ಎರಡು ಟೊಳ್ಳು ಅಂಗಗಳ ನಡುವೆ, ಅಥವಾ ಒಂದು ಅಂಗ ಮತ್ತು ಚರ್ಮದ ನಡುವೆ, ಸಹಜವಲ್ಲದ ಕೊಳವೆಯಂಥ ದಾರಿ ಆದರೆ ಅದಕ್ಕೆ ವೈದ್ಯರು ಫಿಸ್ಟುಲಾ ಅನ್ನುತ್ತಾರೆ. ಕನ್ನಡದ ರೋಗಿ ಈ ಪದ ಕೇಳಿದ ತಕ್ಷಣ ಅದನ್ನು ಭಗಂದರ ಅಂತ ಅರ್ಥ ಮಾಡಿಕೊಳ್ಳುತ್ತಾನೆ. ಭಗಂದರ ಅಂದರೆ ಗುದದ್ವಾರದ ಪಕ್ಕದಲ್ಲಿ ಆಗುವ ಫಿಸ್ಟುಲಾ. ಮರಾಠಿ, ಮಲಯಾಳಂ, ತೆಲುಗಿನಲ್ಲೂ ಇದೇ ಪದ ಉಂಟು. ತಮಿಳಿನಲ್ಲಿ ಪೌತ್ತಿರಂ ಅನ್ನುತ್ತಾರೆ. ಹಾಗಾಗಿ ಗಡಿಯ ಯಾವ ಕಡೆ ಹೋದರೂ ಈ ಗೊಂದಲ ತಪ್ಪುವುದಿಲ್ಲ.

ಇದು ಬರೀ ಪದದ ಜಗಳ ಅಲ್ಲ. ಭಗಂದರಕ್ಕೆ ಆಯುರ್ವೇದದಲ್ಲಿ ಕ್ಷಾರಸೂತ್ರ ಎಂಬ ದಾರದ ಚಿಕಿತ್ಸೆ ಉಂಟು, ಅದರಿಂದ ಗುಣವಾದವರೂ ಇದ್ದಾರೆ. ಆದರೆ ನಾವು ಮಾತಾಡುವ ದಾರಿ ಹೊಟ್ಟೆಯ ಒಳಗೆ, ಕಿಬ್ಬೊಟ್ಟೆಯ ಆಳದಲ್ಲಿ ಇರುವುದು. ಅಲ್ಲಿಗೆ ಹೊರಗಿನಿಂದ ದಾರ ಹಾಕಲು ಬರುವುದಿಲ್ಲ. "ಡಾಕ್ಟ್ರು ಫಿಸ್ಟುಲಾ ಅಂದ್ರು" ಎಂಬ ಒಂದೇ ಮಾತು ಹಿಡಿದು ಬೇರೆ ಚಿಕಿತ್ಸೆಗೆ ಹೋದರೆ ತಿಂಗಳುಗಳು ಹಾಳಾಗುತ್ತವೆ. ಹೆರಿಗೆಯಲ್ಲಿ ತೊಂದರೆಯಾಗಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ಆಗುವ ಫಿಸ್ಟುಲಾ ಕೂಡ ಬೇರೆಯೇ. ಆದ್ದರಿಂದ ನಾನು ಇಲ್ಲಿ "ಕರುಳು–ಮೂತ್ರಕೋಶದ ಫಿಸ್ಟುಲಾ" ಎಂದು ಪೂರ್ತಿ ಹೆಸರನ್ನೇ ಬಳಸುತ್ತೇನೆ. ರೋಗಿಗೂ ಹಾಗೆಯೇ ಹೇಳಬೇಕು.

2. ದಾರಿ ಹೇಗೆ ಬೀಳುತ್ತದೆ

ದೊಡ್ಡಕರುಳಿನ ಕೊನೆಯ ಭಾಗದಲ್ಲಿ, ಗುದನಾಳಕ್ಕೆ ಸ್ವಲ್ಪ ಮೇಲೆ, ಎಸ್ ಅಕ್ಷರದಂತೆ ಬಾಗಿದ ಒಂದು ತುಂಡು ಇದೆ. ಅದು ಸಿಗ್ಮಾಯ್ಡ್. ಅದು ಮೂತ್ರಕೋಶದ ನೆತ್ತಿಯ ಮೇಲೆ ಒರಗಿಕೊಂಡ ಹಾಗೆ ಇರುತ್ತದೆ. ಹೆಂಗಸರಲ್ಲಿ ಇವೆರಡರ ನಡುವೆ ಗರ್ಭಕೋಶ ಅಡ್ಡ ಇರುತ್ತದೆ. ಅದಕ್ಕೇ ಈ ಕಾಯಿಲೆ ಗಂಡಸರಲ್ಲಿ ಹೆಚ್ಚು. ಗರ್ಭಕೋಶ ತೆಗೆಸಿಕೊಂಡ ಹೆಂಗಸರಲ್ಲಿ ಆ ರಕ್ಷಣೆ ಇರುವುದಿಲ್ಲ.

ಕಾರಣಗಳಲ್ಲಿ ಮೊದಲನೆಯದು ಡೈವರ್ಟಿಕ್ಯುಲಾ. ವಯಸ್ಸಾದಂತೆ ಕರುಳಿನ ಗೋಡೆಯ ದುರ್ಬಲ ಜಾಗಗಳಲ್ಲಿ ಹೊರಗೆ ಉಬ್ಬುವ ಪುಟ್ಟ ಚೀಲಗಳು ಇವು. ಒಂದು ಚೀಲ ಸೋಂಕಾಗಿ, ಒಡೆದು, ಕೀವು ಕಟ್ಟಿ, ಆ ಕೀವು ಮೂತ್ರಕೋಶದ ಗೋಡೆಯನ್ನು ತಿಂದು ಒಳಗೆ ಹೊಕ್ಕರೆ ದಾರಿ ಆಯ್ತು. ಜಗತ್ತಿನ ವೈದ್ಯ ಸಾಹಿತ್ಯದಲ್ಲಿ ಹತ್ತರಲ್ಲಿ ಆರೇಳು ಪ್ರಕರಣಗಳಿಗೆ ಇದೇ ಕಾರಣ. ಎರಡನೆಯದು ದೊಡ್ಡಕರುಳಿನ ಕ್ಯಾನ್ಸರ್. ಮೂರನೆಯದು ಕ್ರೋನ್ಸ್ ಎಂಬ ಕರುಳಿನ ದೀರ್ಘಕಾಲದ ಉರಿಯೂತ. ಅದರಲ್ಲಿ ಸಾಮಾನ್ಯವಾಗಿ ಸಣ್ಣಕರುಳಿನ ಕೊನೆಯ ಭಾಗ ಮೂತ್ರಕೋಶಕ್ಕೆ ಅಂಟಿಕೊಳ್ಳುತ್ತದೆ. ಹಿಂದೆ ಕಿಬ್ಬೊಟ್ಟೆಗೆ ಕೊಟ್ಟ ವಿಕಿರಣ ಚಿಕಿತ್ಸೆ, ಅಪಘಾತದ ಪೆಟ್ಟು, ಹಿಂದಿನ ಆಪರೇಷನ್ ಇವೂ ಕಾರಣಗಳೇ. ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈ ಪಟ್ಟಿಯನ್ನು ಬಾಯಿಪಾಠ ಮಾಡಲಿಕ್ಕೆ ಹೇಳಿದ್ದಲ್ಲ. ಚಿಕಿತ್ಸೆ ನಿರ್ಧಾರ ಆಗುವುದು ದಾರಿಯ ಅಗಲದಿಂದಲ್ಲ, ಅದು ಬೀಳಲು ಕಾರಣ ಏನು ಎಂಬುದರಿಂದ. ಅದನ್ನು ಮುಂದೆ ನೋಡೋಣ.

3. ರೋಗಿಯ ಮಾತು

ಕರುಳಿನ ಒಳಗಿನ ಒತ್ತಡ ಮೂತ್ರಕೋಶದ ಒತ್ತಡಕ್ಕಿಂತ ಹೆಚ್ಚು. ಹಾಗಾಗಿ ಹರಿವು ಸಾಮಾನ್ಯವಾಗಿ ಕರುಳಿಂದ ಮೂತ್ರಕೋಶದ ಕಡೆಗೆ. ಮೊದಲು ಗಾಳಿ ಬರುತ್ತದೆ, ದಾರಿ ಅಗಲ ಇದ್ದರೆ ಮಲದ ಕಣಗಳೂ ಬರುತ್ತವೆ. ಮೂತ್ರ ಹೋಗಿ ಮುಗಿಯುವ ಹೊತ್ತಿಗೆ ಪುಸಪುಸ ಅಂತ ಗಾಳಿ ಹೊರಗೆ ಬರುವುದು ಈ ಕಾಯಿಲೆಯ ದೊಡ್ಡ ಗುರುತು. ಕೊನೆಯಲ್ಲೇ ಯಾಕೆ? ಗಾಳಿ ಹಗುರ, ಮೂತ್ರಕೋಶದ ಮೇಲ್ಭಾಗದಲ್ಲಿ ತೇಲಿಕೊಂಡಿರುತ್ತದೆ, ನೀರು ಖಾಲಿಯಾದ ಮೇಲೆ ಅದರ ಸರದಿ. ಇದನ್ನು ನೊರೆಯ ಜೊತೆ ಸೇರಿಸಬಾರದು. ಮೂತ್ರದಲ್ಲಿ ನೊರೆ ನಿಲ್ಲುವುದು ಪ್ರೋಟೀನ್ ಹೋಗುತ್ತಿರುವುದರ ಸೂಚನೆ ಇರಬಹುದು, ಅದು ಕಿಡ್ನಿಯ ವಿಷಯ.

ಇದರ ಜೊತೆಗೆ ಉರಿ, ಪದೇ ಪದೇ ಒಂದಕ್ಕೆ ಹೋಗುವುದು, ಕಿಬ್ಬೊಟ್ಟೆ ನೋವು, ಚಳಿಜ್ವರ, ಮಾತ್ರೆ ತೆಗೆದುಕೊಂಡಾಗ ಕಡಿಮೆಯಾಗಿ ನಿಲ್ಲಿಸಿದ ಕೂಡಲೇ ಮರುಕಳಿಸುವ ಮೂತ್ರದ ಸೋಂಕು. ಗಂಡಸರಲ್ಲಿ ಮೂತ್ರದ ಸೋಂಕು ಹೀಗೆ ಮೇಲಿಂದ ಮೇಲೆ ಬಂದರೆ ಕಾರಣ ಹುಡುಕಲೇಬೇಕು. ಮೂತ್ರದ ಕಲ್ಚರ್‌ನಲ್ಲಿ ಒಂದೇ ಸಲ ಎರಡು ಮೂರು ಬಗೆಯ ಕರುಳಿನ ಬ್ಯಾಕ್ಟೀರಿಯಾ ಬೆಳೆದರೂ ಅನುಮಾನ ಪಡಬೇಕು.

ಈಗ ಭಾಷೆಯ ವಿಷಯಕ್ಕೆ ಬನ್ನಿ. ಮೂತ್ರದ ದಾರಿಯಲ್ಲಿ ಗಾಳಿ ಹೋಗುತ್ತದೆ ಎಂದು ಯಾರಾದರೂ ಸುಮ್ಮನೆ ಹೇಳುತ್ತಾರಾ? ನಗುತ್ತಾರೆ ಅನ್ನುವ ಹೆದರಿಕೆ. ಹೆಂಡತಿಗೂ ಹೇಳಿರುವುದಿಲ್ಲ. ಹೇಳುವುದು "ಉರಿ ಉಂಟು, ಉಷ್ಣ ಆಗಿದೆ" ಅಂತ. ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ ಆಗುತ್ತದೆ. ಆಮೇಲೆ ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಎದುರಿಗಿರುವ ವೈದ್ಯರ ಭಾಷೆ ಬೇರೆ. ಕಾಸರಗೋಡಿನಲ್ಲಿ ರೋಗಿಗೆ ಗೊತ್ತಿರುವ ಮಲಯಾಳಂ ಪದ ಮೂತ್ರಕ್ಕಡಚ್ಚಿಲ್. ಅಕ್ಕಲಕೋಟೆ, ಜತ್ತದಲ್ಲಿ "ಉನ್ಹಾಳಿ ಲಾಗಲಿ" ಅಂದರೆ ಮುಗಿಯಿತು. ತಾಳವಾಡಿ, ಹೊಸೂರಲ್ಲಿ ನೀರ್‌ಕಡುಪ್ಪು. ಮೂರೂ ಪದಗಳ ಅರ್ಥ ಮೂತ್ರದ ಉರಿ ಅಷ್ಟೇ. ಮೂರನ್ನು ಕೇಳಿದರೂ ವೈದ್ಯರು ಸಹಜವಾಗಿ ಸೋಂಕಿನ ಮಾತ್ರೆ ಬರೆಯುತ್ತಾರೆ. ಅವರ ತಪ್ಪಲ್ಲ, ಅವರಿಗೆ ತಲುಪಿದ ಮಾತೇ ಅಷ್ಟು. ಎರಡನೇ ಭಾಷೆಯಲ್ಲಿ ನಾವು ಸಂತೆ ಮಾಡಬಲ್ಲೆವು, ಬಸ್ಸು ಹಿಡಿಯಬಲ್ಲೆವು; ನಾಚಿಕೆಯ ವಿಷಯ ಬಿಡಿಸಿ ಹೇಳುವಷ್ಟು ಪದ ಅದರಲ್ಲಿ ಇರುವುದಿಲ್ಲ.

ಆದ್ದರಿಂದ ಆರೋಗ್ಯ ಕಾರ್ಯಕರ್ತರು ತಾವೇ ಕೇಳಬೇಕು, ಅದೂ ರೋಗಿಯ ಮನೆಮಾತಿನಲ್ಲಿ: "ಒಂದಕ್ಕೆ ಹೋಗುವಾಗ ಕೊನೆಗೆ ಗಾಳಿ ಹೋಗ್ತದಾ? ಮೂತ್ರದಲ್ಲಿ ಕಸ, ಮಲದ ವಾಸನೆ ಉಂಟಾ?" ಈ ಎರಡು ಪ್ರಶ್ನೆಗೆ ಅರ್ಧ ನಿಮಿಷ ಸಾಕು.

4. ಪರೀಕ್ಷೆಗಳು

ಮುಖ್ಯ ಪರೀಕ್ಷೆ ಸಿ.ಟಿ. ಸ್ಕ್ಯಾನ್. ಕಾಂಟ್ರಾಸ್ಟ್ ದ್ರವವನ್ನು ಬಾಯಿಯಿಂದ ಅಥವಾ ಗುದದ ಮೂಲಕ ಕೊಟ್ಟು ತೆಗೆದರೆ ಮೂತ್ರಕೋಶದಲ್ಲಿ ಗಾಳಿ, ಅದರ ದಪ್ಪವಾದ ಗೋಡೆ, ಅದಕ್ಕೆ ಅಂಟಿಕೊಂಡ ಕರುಳು ಇವು ಕಾಣುತ್ತವೆ. ದಾರಿ ನೇರವಾಗಿ ಕಾಣದಿದ್ದರೂ ಈ ಮೂರು ಸೇರಿದರೆ ರೋಗ ನಿರ್ಣಯ ಬಹುಮಟ್ಟಿಗೆ ಆಗುತ್ತದೆ. ಆದರೆ ಎರಡು ಎಚ್ಚರಿಕೆ. ಸ್ವಲ್ಪ ದಿನದ ಹಿಂದೆ ಕ್ಯಾಥೆಟರ್ ಹಾಕಿದ್ದರೆ ಅದರಿಂದಲೂ ಗಾಳಿ ಒಳಗೆ ಹೋಗಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಗಾಳಿ ಉತ್ಪಾದಿಸುವ ಮೂತ್ರಕೋಶದ ತೀವ್ರ ಸೋಂಕು ಕೂಡ ಉಂಟು.

ಸಿಸ್ಟೊಸ್ಕೋಪಿ, ಅಂದರೆ ಮೂತ್ರನಾಳದಿಂದ ದುರ್ಬೀನು ಹಾಕಿ ನೋಡುವುದು. ಇದರಲ್ಲಿ ದಾರಿಯ ಬಾಯಿ ಕಾಣುವುದು ಕಡಿಮೆ. ಆ ಜಾಗ ಕೆಂಪಾಗಿ ಊದಿಕೊಂಡಿರುವುದು ಹೆಚ್ಚು ಸಲ ಕಾಣುತ್ತದೆ. ಕೊಲೊನೊಸ್ಕೋಪಿ ಮಾಡುವುದು ದಾರಿ ಹುಡುಕಲಿಕ್ಕಲ್ಲ, ಕ್ಯಾನ್ಸರ್ ಇಲ್ಲ ಎಂದು ಖಚಿತ ಮಾಡಿಕೊಳ್ಳಲಿಕ್ಕೆ. ರೋಗಿಗಳು ಬಿಟ್ಟುಬಿಡುವುದು ಇದನ್ನೇ, "ಸ್ಕ್ಯಾನ್ ಆಯ್ತಲ್ಲ, ಮತ್ತೆ ಯಾಕೆ?" ಅಂತ. ಬಿಡಬಾರದು.

ಇನ್ನೊಂದು ಪರೀಕ್ಷೆ ನಮ್ಮ ಅಡುಗೆಮನೆಯಿಂದಲೇ ಬಂದ ಹಾಗಿದೆ. ಸುಮಾರು 50 ಗ್ರಾಂ ಗಸಗಸೆಯನ್ನು ಅರೆಯದೆ, ಇಡಿಯಾಗಿ ಮೊಸರಿನಲ್ಲೋ ನೀರಿನಲ್ಲೋ ಕಲಸಿ ಕೊಟ್ಟು, ಮುಂದಿನ 48 ಗಂಟೆ ಮೂತ್ರವನ್ನು ಸೋಸಿ ನೋಡುತ್ತಾರೆ. ಗಸಗಸೆ ಕಾಳು ಜೀರ್ಣವಾಗದೆ ಹಾಗೇ ಸಾಗುತ್ತದೆ; ಮೂತ್ರದಲ್ಲಿ ಕಾಣಿಸಿದರೆ ದಾರಿ ಇರುವುದು ಖಚಿತ. ಪಾಯಸಕ್ಕೆ ಅರೆದ ಗಸಗಸೆ ಇದಕ್ಕೆ ಆಗುವುದಿಲ್ಲ. ಖರ್ಚು ಕಡಿಮೆ, ನಂಬಬಹುದಾದ ಪರೀಕ್ಷೆ. ಆದರೆ ದಾರಿ ಉಂಟೋ ಇಲ್ಲವೋ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಎಲ್ಲಿ, ಯಾಕೆ ಎಂಬುದನ್ನು ಹೇಳುವುದಿಲ್ಲ. ಸಂಗ್ರಹಿಸುವಾಗ ಮಲ ತಾಗದಂತೆ ನೋಡಿಕೊಳ್ಳಬೇಕು. ಕರುಳು ಕಟ್ಟಿಕೊಂಡ ಲಕ್ಷಣ ಇರುವವರಿಗೆ ಇದು ಸಲ್ಲದು, ಹಾಗಾಗಿ ವೈದ್ಯರು ಹೇಳದೆ ಮನೆಯಲ್ಲಿ ಪ್ರಯೋಗ ಬೇಡ.

5. ಚಿಕಿತ್ಸೆಯ ಆಯ್ಕೆಗಳು

ಚಿಕಿತ್ಸೆ ಅಂದರೆ ತೂತು ಮುಚ್ಚುವುದು ಅಂತ ಸಾಮಾನ್ಯ ತಿಳಿವಳಿಕೆ. ಹಾಗಲ್ಲ. ಮೂತ್ರಕೋಶ ಬಹಳ ಬೇಗ ಮಾಯುವ ಅಂಗ. ಕೆಟ್ಟಿರುವುದು ಕರುಳಿನ ತುಂಡು. ಅದನ್ನು ಅಲ್ಲೇ ಬಿಟ್ಟು ಮೂತ್ರಕೋಶಕ್ಕೆ ಮಾತ್ರ ಹೊಲಿಗೆ ಹಾಕಿದರೆ ದಾರಿ ಮತ್ತೆ ಬೀಳುತ್ತದೆ. ಬಾವಿಯಿಂದ ಬರುವ ಕೊಳೆ ನಿಲ್ಲಿಸದೆ ತೊಟ್ಟಿ ತೊಳೆದ ಹಾಗೆ.

5.1 ಆಪರೇಷನ್ ಇಲ್ಲದೆ

ಹೃದಯ, ಶ್ವಾಸಕೋಶ ತೀರ ದುರ್ಬಲವಾದವರು, ವಯೋವೃದ್ಧರು, ತೊಂದರೆ ಅಲ್ಪವಾಗಿರುವವರು: ಇವರಿಗೆ ಆಪರೇಷನ್ನಿನ ಅಪಾಯವೇ ಕಾಯಿಲೆಗಿಂತ ದೊಡ್ಡದಾಗಬಹುದು. ಅಂಥವರಿಗೆ ಸೋಂಕು ಬಂದಾಗ ಕಲ್ಚರ್ ನೋಡಿ ಆಂಟಿಬಯಾಟಿಕ್, ಬೇಕಿದ್ದರೆ ಕೆಲವು ಕಾಲ ಕ್ಯಾಥೆಟರ್, ಆಹಾರದ ಮಾರ್ಪಾಡು ಹೀಗೆ ನಿಭಾಯಿಸುತ್ತಾರೆ. ಹೀಗೆ ವರ್ಷಗಟ್ಟಲೆ ಬದುಕಿದವರೂ ಇದ್ದಾರೆ. ಆದರೆ ದಾರಿ ತಾನಾಗಿ ಮುಚ್ಚಿಕೊಳ್ಳುವುದು ಅಪರೂಪ. ಪೆಟ್ಟಿನಿಂದ ಅಥವಾ ಇತ್ತೀಚಿನ ಆಪರೇಷನ್ನಿನಿಂದ ಆದ ಸಣ್ಣ ದಾರಿ ಮಾತ್ರ ಕ್ಯಾಥೆಟರ್ ಮತ್ತು ಕರುಳಿಗೆ ವಿಶ್ರಾಂತಿ ಕೊಟ್ಟಾಗ ಕೆಲವೊಮ್ಮೆ ಮುಚ್ಚಿಕೊಳ್ಳುತ್ತದೆ. ಈ ಆಯ್ಕೆ ಒಪ್ಪುವ ಮೊದಲು ಕ್ಯಾನ್ಸರ್ ಇಲ್ಲ ಎಂಬುದು ಖಚಿತವಾಗಿರಬೇಕು.

5.2 ಒಂದೇ ಹಂತದ ಆಪರೇಷನ್

ಡೈವರ್ಟಿಕ್ಯುಲಾದಿಂದ ಆದ ಕಾಯಿಲೆಗೆ ಇಂದು ಹೆಚ್ಚಿನವರಲ್ಲಿ ಮಾಡುವುದು ಇದು. ಮೊದಲು ಸೋಂಕನ್ನು ಹತೋಟಿಗೆ ತಂದು, ಕೀವು ಇದ್ದರೆ ಸ್ಕ್ಯಾನ್ ನೋಡಿಕೊಂಡು ಸೂಜಿ-ಕೊಳವೆಯಿಂದ ಹೊರಗೆ ತೆಗೆದು, ಉರಿಯೂತ ಇಳಿಯಲು ಕೆಲವು ವಾರ ಕಾಯುತ್ತಾರೆ. ಆಮೇಲೆ ಕೆಟ್ಟ ಕರುಳಿನ ತುಂಡನ್ನು ತೆಗೆದು ಎರಡು ಆರೋಗ್ಯವಂತ ತುದಿಗಳನ್ನು ಅದೇ ಸಲ ಜೋಡಿಸುತ್ತಾರೆ. ಮೂತ್ರಕೋಶದಿಂದ ಕರುಳನ್ನು ಬಿಡಿಸಿದಾಗ ತೂತು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೆ ಹೊಲಿಗೆಯೂ ಬೇಕಾಗದು. ದೊಡ್ಡದಿದ್ದರೆ ಕರಗುವ ದಾರದಿಂದ ಹೊಲಿಯುತ್ತಾರೆ. ಹೊಟ್ಟೆಯೊಳಗಿನ ಕೊಬ್ಬಿನ ಪರದೆಯಾದ ಒಮೆಂಟಮ್ ಅನ್ನು ನಡುವೆ ತಂದು ಇಡುವುದೂ ಉಂಟು, ಎರಡು ಗದ್ದೆಯ ನಡುವೆ ಬದು ಹಾಕಿದಂತೆ. ಕ್ಯಾಥೆಟರ್ ಸಾಮಾನ್ಯವಾಗಿ 7ರಿಂದ 14 ದಿನ. ದೊಡ್ಡ ರಿಪೇರಿ ಆಗಿದ್ದರೆ ತೆಗೆಯುವ ಮೊದಲು ಮೂತ್ರಕೋಶಕ್ಕೆ ಕಾಂಟ್ರಾಸ್ಟ್ ತುಂಬಿ ಎಕ್ಸ್‌ರೇ ನೋಡುತ್ತಾರೆ.

5.3 ಎರಡು ಹಂತದ ಆಪರೇಷನ್

ಹೊಟ್ಟೆಯಲ್ಲಿ ಕೀವು ಹರಡಿದ್ದರೆ, ಕರುಳು ಕಟ್ಟಿಕೊಂಡಿದ್ದರೆ, ರೋಗಿ ತೀರ ಸೊರಗಿದ್ದರೆ, ಆಗಲೇ ಕರುಳು ಜೋಡಿಸಿದರೆ ಹೊಲಿಗೆ ಸೋರುವ ಅಪಾಯ. ಸೋರಿದರೆ ಜೀವಕ್ಕೇ ಕುತ್ತು. ಅದಕ್ಕೆ ಎರಡು ದಾರಿ. ಒಂದು, ಕೆಟ್ಟ ತುಂಡು ತೆಗೆದು, ಮೇಲಿನ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ತಂದು ಕೊಲೊಸ್ಟಮಿ ಮಾಡಿ, ಕೆಳಗಿನ ತುದಿ ಮುಚ್ಚುವುದು; ಇದಕ್ಕೆ ಹಾರ್ಟ್‌ಮನ್ ಕ್ರಮ ಅನ್ನುತ್ತಾರೆ. ಮೂರರಿಂದ ಆರು ತಿಂಗಳ ನಂತರ ಮತ್ತೆ ಜೋಡಣೆ. ಇನ್ನೊಂದು, ಕರುಳನ್ನು ಜೋಡಿಸಿಯೇ, ಜೋಡಣೆ ಮಾಯುವ ತನಕ ಮಲ ಅಲ್ಲಿಗೆ ಹೋಗದಂತೆ ಸಣ್ಣಕರುಳನ್ನು ಹೊಟ್ಟೆಯ ಮೇಲೆ ತಂದು ಇಲಿಯೊಸ್ಟಮಿ ಮಾಡುವುದು. ಇದನ್ನು ಮುಚ್ಚುವ ಆಪರೇಷನ್ ಹೋಲಿಕೆಯಲ್ಲಿ ಸಣ್ಣದು. ಮೊದಲೆಲ್ಲ ಮೂರು ಹಂತದಲ್ಲಿ ಮಾಡುತ್ತಿದ್ದರು, ಈಗ ಅದು ಅಪರೂಪ.

ಚೀಲದ ಜಾಗವನ್ನು ಆಪರೇಷನ್ನಿಗೆ ಮೊದಲೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಗುರುತು ಹಾಕಬೇಕು. ಪಂಚೆ, ಲುಂಗಿ, ಸೀರೆ ಕಟ್ಟುವ ಸೊಂಟದ ಗೆರೆಗೆ ಬಂದರೆ ಚೀಲ ನಿಲ್ಲುವುದಿಲ್ಲ. ಇದನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕಾಗಬಹುದು. ಇಲಿಯೊಸ್ಟಮಿಯಲ್ಲಿ ನೀರು, ಉಪ್ಪು ಬಹಳ ನಷ್ಟವಾಗುತ್ತದೆ. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡುವವರಿಗೆ ಓ.ಆರ್.ಎಸ್. ಹೇಗೆ ಕುಡಿಯಬೇಕು ಎಂದು ಮೊದಲೇ ತಿಳಿಸಿರಬೇಕು.

5.4 ಕ್ಯಾನ್ಸರ್ ಕಾರಣವಾದರೆ

ಇಲ್ಲಿ ಕರುಳನ್ನು ಮೂತ್ರಕೋಶದಿಂದ ಬಿಡಿಸಿ ತೆಗೆಯಬಾರದು. ಬಿಡಿಸಿದರೆ ಗಡ್ಡೆಯ ಮೇಲೇ ಕತ್ತರಿ ಹಾಕಿದಂತೆ. ಎರಡನ್ನೂ ಅಂಟಿಕೊಂಡ ಹಾಗೆಯೇ, ಸುತ್ತ ಒಳ್ಳೆಯ ಅಂಗಾಂಶದೊಂದಿಗೆ ಒಂದೇ ಗಂಟಾಗಿ ತೆಗೆಯಬೇಕು. ಹೆಚ್ಚಿನವರಲ್ಲಿ ಮೂತ್ರಕೋಶದ ಒಂದು ಭಾಗ ಹೋದರೆ ಸಾಕು. ಮೂತ್ರ ಬಂದು ಬೀಳುವ ಬುಡದ ಭಾಗಕ್ಕೇ ಹಬ್ಬಿದ್ದರೆ ಇಡೀ ಮೂತ್ರಕೋಶ ತೆಗೆದು ಕರುಳಿನ ತುಂಡಿನಿಂದ ಬೇರೆ ದಾರಿ ಮಾಡಬೇಕಾಗುತ್ತದೆ. ಆಪರೇಷನ್ನಿಗೆ ಮೊದಲು ಅಥವಾ ನಂತರ ಕಿಮೋಥೆರಪಿ, ಗುದನಾಳದ ಗಡ್ಡೆಯಾದರೆ ವಿಕಿರಣವೂ ಸೇರಬಹುದು. ಗಡ್ಡೆ ತೆಗೆಯಲಾಗದ ಸ್ಥಿತಿಯಲ್ಲಿ ಕೊಲೊಸ್ಟಮಿ ಒಂದನ್ನೇ ಮಾಡಿ ಮಲ ಮೂತ್ರಕೋಶಕ್ಕೆ ಹೋಗದಂತೆ ತಡೆಯುತ್ತಾರೆ. ರೋಗ ಗುಣವಾಗದಿದ್ದರೂ ಉರಿ, ವಾಸನೆ, ಪದೇ ಪದೇ ಬರುವ ಜ್ವರ ಇವು ಕಡಿಮೆಯಾದರೆ ರೋಗಿ ಮನೆಯವರ ಜೊತೆ ಕೂತು ಊಟ ಮಾಡಬಲ್ಲ. ಅದೂ ಚಿಕಿತ್ಸೆಯೇ.

5.5 ಕ್ರೋನ್ಸ್ ಮತ್ತು ಕ್ಷಯ

ಕ್ರೋನ್ಸ್‌ನಲ್ಲಿ ಮೊದಲು ಔಷಧ. ಅಝಥಯೊಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದವುಗಳಿಂದ ಕೆಲವರಲ್ಲಿ ದಾರಿ ಮುಚ್ಚುತ್ತದೆ. ಮುಚ್ಚದಿದ್ದರೆ ಆ ಕರುಳಿನ ಭಾಗ ತೆಗೆಯುತ್ತಾರೆ. ನಮ್ಮಲ್ಲಿ ದೊಡ್ಡ ತೊಡಕು ಏನೆಂದರೆ ಕರುಳಿನ ಕ್ಷಯವೂ ಕ್ರೋನ್ಸ್ ಹಾಗೆಯೇ ಕಾಣುತ್ತದೆ. ಕ್ಷಯ ಇರುವವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಈ ಔಷಧ ಕೊಟ್ಟರೆ ಕ್ಷಯ ಮೈತುಂಬ ಹರಡಬಹುದು. ಹಾಗಾಗಿ ಬಯಾಪ್ಸಿ, ಎದೆಯ ಚಿತ್ರ ಎಲ್ಲ ನೋಡಿಯೇ ಮುಂದುವರಿಯಬೇಕು. ಕ್ಷಯವೇ ಆದರೆ ಕನಿಷ್ಠ 6 ತಿಂಗಳ ಪೂರ್ಣ ಔಷಧ, ಆಪರೇಷನ್ ಬೇಕೇ ಎಂಬುದು ಆಮೇಲಿನ ಮಾತು.

5.6 ವಿಕಿರಣದಿಂದ ಆದದ್ದು, ಮತ್ತು ಹೊಸ ಉಪಾಯಗಳು

ವಿಕಿರಣ ತಾಗಿದ ಜಾಗದಲ್ಲಿ ರಕ್ತ ಸಂಚಾರ ಕಡಿಮೆ, ಹೊಲಿಗೆ ಹಿಡಿಯುವುದಿಲ್ಲ. ಕ್ಯಾನ್ಸರ್ ಮರಳಿದೆಯೇ ಎಂದು ಮೊದಲು ನೋಡಬೇಕು. ಹಲವರಿಗೆ ಕಾಯಂ ಕೊಲೊಸ್ಟಮಿಯೇ ಸುರಕ್ಷಿತ. ಇನ್ನು ಅಂಟು ಹಾಕಿ ಮುಚ್ಚುವುದು, ಎಂಡೋಸ್ಕೋಪಿಯಿಂದ ಕ್ಲಿಪ್ ಹಾಕುವುದು, ಸ್ಟೆಂಟ್ ಇಡುವುದು ಇವೆಲ್ಲ ಆಪರೇಷನ್ ತಡೆಯಲಾಗದ ಆಯ್ದ ರೋಗಿಗಳಿಗೆ ಮಾತ್ರ. ಮರುಕಳಿಸುವ ಸಂಭವ ಹೆಚ್ಚು.

6. ಹಂತಗಳು ಗಡಿ ದಾಟುವಾಗ

ಪಠ್ಯಪುಸ್ತಕದಲ್ಲಿ ಚಿಕಿತ್ಸೆ ಆರಿಸಲು ಮೂರು ಪ್ರಶ್ನೆ: ಕಾರಣ ಏನು, ದಾರಿ ಎಲ್ಲಿ, ರೋಗಿಗೆ ತ್ರಾಣ ಎಷ್ಟು. ಗಡಿನಾಡಿನಲ್ಲಿ ನಾಲ್ಕನೆಯದೂ ಉಂಟು: ಎರಡನೇ ಹಂತ ಎಲ್ಲಿ, ಯಾರು ಮಾಡುತ್ತಾರೆ?

ಭೂಪಟ ನೋಡಿ. ಮಂಜೇಶ್ವರ, ಕುಂಬಳೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದಲೂ ಅದು ಸುಮಾರು 50 ಕಿಲೋಮೀಟರ್. ತಾಳವಾಡಿ ಈರೋಡ್ ಜಿಲ್ಲೆಯಲ್ಲಿದ್ದರೂ ಹತ್ತಿರದ ಜಿಲ್ಲಾ ಕೇಂದ್ರ ಚಾಮರಾಜನಗರ. ಸತ್ಯಮಂಗಲಕ್ಕೆ ಹೋಗಬೇಕಾದರೆ 27 ತಿರುವುಗಳ ದಿಂಬಂ ಘಾಟಿ ಇಳಿಯಬೇಕು. ಜತ್ತದವರಿಗೆ ಮಿರಜ್ ಕೂಡ ಉಂಟು, ವಿಜಯಪುರವೂ ಉಂಟು. ರಾಯದುರ್ಗದವರು ಬಳ್ಳಾರಿಗೆ ಹೋಗುತ್ತಾರೆ, ಮಡಕಶಿರದವರು ಬೆಂಗಳೂರಿಗೆ. ವಯನಾಡಿನಿಂದ ಮೈಸೂರಿಗೆ ಬರುವವರಿಗೆ ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳ ಪಾಡು ನ್ಯಾಯಾಲಯದ ಮೆಟ್ಟಿಲೇರಿದ್ದು ನಿಮಗೆಲ್ಲ ನೆನಪಿರಬಹುದು.

ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ರಾತ್ರಿ ಹೊಟ್ಟೆ ನೋವು, ಜ್ವರ ಹೆಚ್ಚಾಗಿ ತನ್ನ ರಾಜ್ಯದ ಆಸ್ಪತ್ರೆಯಲ್ಲಿ ತುರ್ತು ಆಪರೇಷನ್ ಆಗಿ ಕೊಲೊಸ್ಟಮಿ ಆಯಿತು. ಜೀವ ಉಳಿಯಿತು. ಚೇತರಿಸಿಕೊಳ್ಳಲು ಗಡಿಯಾಚೆ ಮಗಳ ಮನೆಗೆ ಬಂದ. ಆರು ತಿಂಗಳ ಮೇಲೆ ಮರುಜೋಡಣೆಗೆ ಇಲ್ಲಿಯ ಆಸ್ಪತ್ರೆಗೆ ಹೋದರೆ ಹಳೆಯ ಆಪರೇಷನ್ ನೋಟ್ಸ್ ಇಲ್ಲ, ಬಯಾಪ್ಸಿ ವರದಿ ಇಲ್ಲ, ಆ ರಾಜ್ಯದ ವಿಮೆ ಕಾರ್ಡು ಇಲ್ಲಿ ನಡೆಯುವುದಿಲ್ಲ. ಹಾರ್ಟ್‌ಮನ್ ಕ್ರಮ ಆದವರಲ್ಲಿ ಗಣನೀಯ ಸಂಖ್ಯೆಯವರಿಗೆ ಎಲ್ಲ ಕಡೆಯೂ ಮರುಜೋಡಣೆ ಆಗದೇ ಉಳಿಯುತ್ತದೆ, ವಯಸ್ಸು, ಬೇರೆ ಕಾಯಿಲೆಗಳ ಕಾರಣಕ್ಕೆ. ಈ ಊಹಿತ ರೋಗಿಯ ಚೀಲ ಕಾಯಂ ಆಗುವುದು ಕಾಗದಪತ್ರದ ಕಾರಣಕ್ಕೆ.

ಇದನ್ನು ತಪ್ಪಿಸಲು ದೊಡ್ಡ ಯೋಜನೆಯೇನೂ ಬೇಡ. ಡಿಸ್ಚಾರ್ಜ್ ಸಾರಾಂಶದ ಜೊತೆ ಆಪರೇಷನ್ ನೋಟ್ಸ್, ಬಯಾಪ್ಸಿ ವರದಿ, ಸಿ.ಟಿ. ಚಿತ್ರದ ಡಿಸ್ಕ್ ಇಷ್ಟನ್ನು ಕೇಳಿ ಪಡೆಯಬೇಕು. ಆಯುಷ್ಮಾನ್ ಭಾರತ್ ಪಿ.ಎಂ.ಜೆ.ಎ.ವೈ. ಅಡಿಯಲ್ಲಿ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆಗೆ ಅವಕಾಶ ಉಂಟು. ಆದರೆ ರಾಜ್ಯದ್ದೇ ಯೋಜನೆಗಳ ನಿಯಮ ಬೇರೆ. ಎರಡೂ ಹಂತಕ್ಕೆ ಕಾರ್ಡು ನಡೆಯುತ್ತದೆಯೇ ಎಂದು ಮೊದಲ ಹಂತದ ಹೊತ್ತಿಗೇ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೇಳಬೇಕು. ಮತ್ತೆ, ವೈದ್ಯರು ಒಂದು ಹಂತವೋ ಎರಡು ಹಂತವೋ ಎಂದು ನಿರ್ಧರಿಸುವಾಗ "ನಾನು ಇಂಥ ಊರಿನವ, ಮುಂದಿನ ಸಲ ಇಲ್ಲಿಗೇ ಬರುವುದು ಕಷ್ಟ" ಎಂಬುದೂ ಅವರಿಗೆ ಗೊತ್ತಿರಬೇಕು. ಜೀವದ ಅಪಾಯ ಇರುವಾಗ ಆ ಮಾತು ಹಿಂದೆ ಸರಿಯುತ್ತದೆ, ಸರಿಯಬೇಕು. ಆದರೆ ಎರಡೂ ಸಾಧ್ಯ ಇರುವಲ್ಲಿ ಅದಕ್ಕೆ ತೂಕ ಉಂಟು.

ಇಷ್ಟು ಹೇಳಿ ನನ್ನ ಮಾತು ನಿಲ್ಲಿಸುತ್ತೇನೆ. ನಮಸ್ಕಾರ.

7. ಚರ್ಚೆಯ ಆಯ್ದ ಭಾಗ

ಪ್ರಶ್ನೆ (ಸೊಲ್ಲಾಪುರದಿಂದ): ಸರ್, ಒಮ್ಮೆ ಚೀಲಾ ಹಚ್ಚಿದ್ರ ಅದು ಕಾಯಂ ಅಂತ ನಮ್ಮ ಕಡೆ ಮಂದಿ ತಿಳ್ಕೊಂಡಾರ. ಅದಕ್ಕ ಆಪರೇಷನ್ನೇ ಬ್ಯಾಡಂತಾರ. ಏನ್ ಹೇಳಬೇಕ್ರಿ?

ಉತ್ತರ: ಮೂರು ಬಗೆ ಉಂಟು ಅಂತ ಹೇಳಿ. ಕೆಲವರಿಗೆ ಚೀಲವೇ ಬೇಕಾಗುವುದಿಲ್ಲ. ಕೆಲವರಿಗೆ ಕೆಲವು ತಿಂಗಳ ಮಟ್ಟಿಗೆ. ಕೆಲವರಿಗೆ ಮಾತ್ರ ಕಾಯಂ. "ನಂದು ಯಾವ ಬಗೆದು?" ಅಂತ ಆಪರೇಷನ್ನಿಗೆ ಮೊದಲೇ ಸರ್ಜನ್ನರನ್ನು ಕೇಳಲಿ. ಒಳಗೆ ನೋಡಿದ ಮೇಲೆ ನಿರ್ಧಾರ ಬದಲಾಗಬಹುದು, ಅದನ್ನೂ ತಿಳಿದು ಸಹಿ ಹಾಕಲಿ.

ಪ್ರಶ್ನೆ (ಹೊಸೂರಿನಿಂದ): ಲ್ಯಾಪರೊಸ್ಕೋಪಿಯಲ್ಲಿ ಇದನ್ನು ಮಾಡಬಹುದಾ?

ಉತ್ತರ: ಮಾಡಬಹುದು, ಅನುಭವ ಇರುವವರು ಮಾಡುತ್ತಿದ್ದಾರೆ. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಆದರೆ ಈ ಕಾಯಿಲೆಯಲ್ಲಿ ಅಂಗಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನಡುವೆ ಹೊಟ್ಟೆ ತೆರೆಯಬೇಕಾಗಿ ಬರಬಹುದು. ಅದನ್ನು ಸೋಲು ಅಂತ ತಿಳಿಯಬಾರದು, ಸುರಕ್ಷತೆಗಾಗಿ ಮಾಡುವುದು.

ಪ್ರಶ್ನೆ (ಬದಿಯಡ್ಕದಿಂದ): ನಮ್ಮ ಕಡೆಯವರು ಗಲ್ಫ್‌ನಲ್ಲಿ ತುಂಬಾ ಜನ ಇದ್ದಾರಲ್ಲ, ಈ ಗಸಗಸೆ ಪರೀಕ್ಷೆ ಅಲ್ಲಿ?

ಉತ್ತರ: ಒಳ್ಳೆ ಪ್ರಶ್ನೆ. ಯು.ಎ.ಇ. ಮೊದಲಾದ ಕಡೆ ಗಸಗಸೆ ನಿಷಿದ್ಧ ವಸ್ತು, ಬ್ಯಾಗಿನಲ್ಲಿ ಕೊಂಡುಹೋದರೆ ಜೈಲಾಗಬಹುದು. ಅಲ್ಲಿ ಸಿ.ಟಿ. ಸ್ಕ್ಯಾನ್ ಇದೆ, ಅದು ಸಾಕು.

ಪ್ರಶ್ನೆ (ತಾಳವಾಡಿಯಿಂದ): ಯಾವಾಗ ಕಾಯಬಾರದು, ತಕ್ಷಣ ಹೊರಡಬೇಕು?

ಉತ್ತರ: ನಡುಕದ ಜ್ವರ, ಮೂತ್ರ ತೀರ ಕಡಿಮೆಯಾಗುವುದು, ಹೊಟ್ಟೆ ಉಬ್ಬಿ ವಾಂತಿ, ಮಾತು ತೊದಲುವುದು ಅಥವಾ ಮಂಕಾಗುವುದು. ಇದರಲ್ಲಿ ಒಂದಿದ್ದರೂ ಯಾವ ರಾಜ್ಯದ ಆಸ್ಪತ್ರೆ ಎಂದು ಯೋಚಿಸಬೇಡಿ, ಹತ್ತಿರದ್ದಕ್ಕೆ ಹೋಗಿ. ಸೋಂಕು ರಕ್ತಕ್ಕೆ ಸೇರಿದರೆ ಗಂಟೆಗಳ ಲೆಕ್ಕ. ಈ ಲಕ್ಷಣ ಇಲ್ಲದೆ ಬರೀ ಗಾಳಿ ಹೋಗುತ್ತಿದ್ದರೆ ಅದೇ ವಾರ ಸರ್ಜನ್ನರನ್ನೋ ಮೂತ್ರರೋಗ ತಜ್ಞರನ್ನೋ ನೋಡಿದರೆ ಸಾಕು. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಗಾಳಿ ಯಾವಾಗಿನಿಂದ, ಎಷ್ಟು ಸಲ ಸೋಂಕು ಬಂತು, ಯಾವ ಮಾತ್ರೆ ಆಯ್ತು. ಕನ್ನಡದಲ್ಲೇ ಬರೆಯಿರಿ. ಓದಿ ಹೇಳುವವರು ಒಬ್ಬರು ಆ ಆಸ್ಪತ್ರೆಯಲ್ಲಿ ಸಿಕ್ಕೇ ಸಿಗುತ್ತಾರೆ, ಇಲ್ಲಾಂದ್ರೆ ಜೊತೆಗೆ ಬಂದವರು ಓದಲಿ. ಬಾಯಲ್ಲಿ ಹೇಳಲು ನಾಚಿಕೆಯಾಗುವುದನ್ನು ಚೀಟಿ ಹೇಳುತ್ತದೆ.